ಐದು ಲೈಫಿನ ಆಟ

ಬೆಳಗಿನ ಎಂಟರ ಹೊತ್ತಿಗೆ ಡೊಂಬಿವಲಿಯಿಂದ ಹೊರಡುವ ಲೋಕಲ್‌ನಲ್ಲಿ ಪುಸ್ತಕ ಓದಲು ಎರಡು ಕೈ ಬೇಕು, ಸಿಗುವುದು ಒಂದೇ. ಇನ್ನೊಂದು ಮೇಲಿನ ಹಿಡಿಗೆ ಮೀಸಲು. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಅರ್ಧ ಕೂತವರದ್ದೂ ಅದೇ ಪಾಡು. ಮಹಿಳೆಯರ ಡಬ್ಬಿಯಲ್ಲಿ ಕ್ಯಾಂಡಿ ಕ್ರಶ್ ಇಷ್ಟು ವರ್ಷ ಬಾಳಿದ ಗುಟ್ಟು ಬಣ್ಣದ ಮಿಠಾಯಿಗಿಂತ ಈ ಲೆಕ್ಕದಲ್ಲಿದೆ. ಅದಕ್ಕೆ ಒಂದು ಹೆಬ್ಬೆರಳು ಸಾಕು.

ಒಂದೇ ಬಣ್ಣದ ಮೂರನ್ನು ಕೂಡಿಸುವ ಈ ಬಗೆಯ ಮೊದಲ ಆಟಗಳಲ್ಲೊಂದು 1994ರಲ್ಲಿ ರಷ್ಯಾದಲ್ಲಿ ಬಂದ ‘ಶಾರಿಕಿ’, ಅಂದರೆ ಪುಟ್ಟ ಚೆಂಡುಗಳು. 2001ರಲ್ಲಿ ‘ಬಿಜುವೆಲ್ಡ್’ ಅದನ್ನು ಜನಪ್ರಿಯಗೊಳಿಸಿತು. ಕಿಂಗ್ ಕಂಪನಿಯ ಕ್ಯಾಂಡಿ ಕ್ರಶ್ 2012ರಲ್ಲಿ ಮೊದಲು ಫೇಸ್‌ಬುಕ್‌ಗೆ, ವರ್ಷದ ಕೊನೆಗೆ ಮೊಬೈಲಿಗೆ ಬಂತು.

ಪಕ್ಕಪಕ್ಕದ ಎರಡನ್ನು ಅದಲುಬದಲು ಮಾಡಬೇಕು. ಮೂರು ಸಾಲಾಗಿ ನಿಂತರೆ ಮಾಯವಾಗುತ್ತವೆ, ತೆರವಾದ ಜಾಗಕ್ಕೆ ಮೇಲಿಂದ ಹೊಸವು ಬೀಳುತ್ತವೆ. ನವಿ ಮುಂಬೈಯ ಗಾಡಿ ಹಿಡಿಯುವವರು ಥಾಣೆಯಲ್ಲಿ ಇಳಿದಾಗ ಡಬ್ಬಿ ಮತ್ತೆ ತುಂಬಿಕೊಳ್ಳುವ ಹಾಗೆ. ಚೆನ್ನೆಮಣೆಯ ಹದಿನಾಲ್ಕು ಗುಳಿಗಳಲ್ಲಿ ಕಾಯಿಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ಸೋತರೆ ಲೆಕ್ಕ ತಪ್ಪಿತೆಂದೇ ಅರ್ಥ. ಇಲ್ಲಿ ಮುಂದೆ ಏನು ಬೀಳುತ್ತದೋ ಆಡುವವರಿಗೆ ಗೊತ್ತಿಲ್ಲ. ಗೆದ್ದರೆ ಜಾಣತನ, ಸೋತರೆ ನಸೀಬು. ಮತ್ತೆ ಆಡಲು ಇನ್ನೇನು ಬೇಕು?

ಆಟ ಕೊಡುವುದು ಐದು ಲೈಫ್. ಸೋತಾಗ ಒಂದು ಹೋಗುತ್ತದೆ, ಅದು ಮರಳಲು ಅರ್ಧ ಗಂಟೆ. ಕಾಯಲಾರದವರು ದುಡ್ಡು ಕೊಡಬಹುದು, ಇಲ್ಲವೇ ಗೆಳತಿಯನ್ನು ಕೇಳಬಹುದು. ಹೆಚ್ಚಿನವರು ಬಿಡಿಗಾಸೂ ಕೊಡದೆ ಆಡುತ್ತಾರೆ. ಆದರೂ ಕಾಯಲಾಗದ ಕೆಲವರನ್ನು ನೆಚ್ಚಿ ಬೆಳೆದ ಕಿಂಗ್ ಕಂಪನಿಯನ್ನು 2016ರಲ್ಲಿ ಆಕ್ಟಿವಿಷನ್ ಬ್ಲಿಜರ್ಡ್ ಕೊಂಡದ್ದು 590 ಕೋಟಿ ಡಾಲರಿಗೆ.

ಕನ್ನಡ, ತುಳು, ಮರಾಠಿ, ಗುಜರಾತಿ ಕಲೆತ ಡಬ್ಬಿಯಲ್ಲಿ ‘ಲೈಫ್’ ಎಲ್ಲರ ಪದವಾಯಿತು. ‘ಒಂದು ಲೈಫ್ ಕಳ್ಸೇ’ ಅನ್ನುವವರು ‘ಒಂದು ಜೀವ ಕಳ್ಸೇ’ ಅನ್ನುವುದಿಲ್ಲ. ಕನ್ನಡದಲ್ಲಿ ಜೀವ ಹೋದರೆ ಹೋಯಿತು. ಅದನ್ನು ಈ ಮಾರ್ಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ, ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತಿದ್ದವರು ಹಳಿಯ ಮೇಲೆ ಬಿದ್ದರು. ನಾಲ್ವರು ಅಂದೇ ಸತ್ತರು.

‘ಇಡೀ ದಾರಿ ಫೋನ್ ಒತ್ತುತ್ತಾ ಹೊತ್ತು ಹಾಳುಮಾಡುತ್ತಾರೆ’ ಎಂಬ ಮಾತು ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿಬರಲು ರೈಲಿನಲ್ಲೇ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಬೇಕು. ಕಲ್ಯಾಣದವರಿಗೆ ಇನ್ನೂ ಜಾಸ್ತಿ. ಆಟ ಶುರುವಾಗುವ ಮೊದಲೇ ಆ ಹೊತ್ತು ಹೋಗಿರುತ್ತದೆ. ಅದು ಮರಳಬೇಕಾದರೆ ರೈಲುಗಳು ಹೆಚ್ಚಬೇಕು, ಇಲ್ಲವೇ ಮನೆಯ ಹತ್ತಿರ ಕೆಲಸ ಸಿಗಬೇಕು. ಎರಡೂ ಆಗದ ದಿನಗಳಲ್ಲಿ, ಕುಕ್ಕರಿನ ಸೀಟಿಗೂ ಸಾಹೇಬರ ಕರೆಗೂ ನಡುವೆ, ಒಬ್ಬಳು ತನಗಾಗಿ ಬಣ್ಣ ಜೋಡಿಸಿಕೊಂಡರೆ ಅದನ್ನು ಹಾಳು ಅನ್ನುವುದು ಹೇಗೆ?