ಮೊಬೈಲ್‌ಗೆ ನೇಪಾಳವೂ ಫಾರಿನ್ನೇ

ನಮ್ಮ ಕಡೆ ನೇಪಾಳವನ್ನು ಯಾರೂ ಫಾರಿನ್ ಎನ್ನುವುದಿಲ್ಲ. ವೀಸಾ ಬೇಕಿಲ್ಲ. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ, ಗಡಿಯ ಗೇಟು ದಾಟಿದರೆ ನೇಪಾಳ. ಪಶುಪತಿನಾಥನ ಪೂಜೆ ಮಾಡುವ ಭಟ್ಟರೂ ಕರ್ನಾಟಕ ಮೂಲದವರು. ಹೀಗಾಗಿ ಸುಗ್ಗಿ ಮುಗಿದ ಮೇಲೆ ಕಾಶಿಗೆ ಹೊರಟವರು ಹಾಗೇ ಪಶುಪತಿನಾಥ, ಮುಕ್ತಿನಾಥ ಮುಗಿಸಿಕೊಂಡು ಬರುತ್ತಾರೆ. ಆದರೆ ಕೈಯಲ್ಲಿರುವ ಮೊಬೈಲ್‌ಗೆ ಅದು ದುಬೈ, ಅಮೆರಿಕದ ಹಾಗೆಯೇ ಪರದೇಶ.

ಊರಲ್ಲಿ ಹಾಕಿಸಿದ ಅನ್‌ಲಿಮಿಟೆಡ್ ಪ್ಯಾಕು ಗಡಿಯ ಈಚೆಗೇ ನಿಲ್ಲುತ್ತದೆ. ಆಚೆ ಹೋದ ಮೇಲೆ ಕೆಲವು ಸಿಮ್‌ಗಳು ಸತ್ತಂತೆ ಬಿದ್ದಿರುತ್ತವೆ. ರೋಮಿಂಗ್ ಚಾಲೂ ಇದ್ದ ಸಿಮ್‌ಗಳಲ್ಲಿ ಕರೆನ್ಸಿ ಕರಗುತ್ತದೆ, ಪೋಸ್ಟ್‌ಪೇಯ್ಡ್ ಆದರೆ ಬಿಲ್ಲು ಬೆಳೆಯುತ್ತದೆ. ಇಲ್ಲಿ ನಮ್ಮವರಿಗೆ ಗೊತ್ತಿರದ ಸಂಗತಿ ಒಂದಿದೆ. ಅಲ್ಲಿ ಬರುವ ಕರೆ ಎತ್ತಿದರೂ ದುಡ್ಡು ಹೋಗುತ್ತದೆ. ಮಾಡಿದವರದ್ದಲ್ಲ, ಎತ್ತಿದವರದ್ದು.

ಕಳೆದ ವರ್ಷ ನಮ್ಮ ತಾಲ್ಲೂಕಿನ ಹಳ್ಳಿಯೊಂದರಿಂದ ಇಂಥ ತಂಡವೊಂದು ಹೋಗಿ ಬಂತು. ನಾವು ಮಾತಾಡಿಸಲು ಹೋದಾಗ ದೇವರ ದರ್ಶನದಷ್ಟೇ ಕರೆನ್ಸಿಯ ಸುದ್ದಿಯೂ ಬಂತು. ತಂಡದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಮಕ್ಕಳು, ಮೊಮ್ಮಕ್ಕಳು ಪಾಳಿ ಹಚ್ಚಿ ಫೋನ್ ಮಾಡಿದರು. ‘ಅವ್ವಾ, ಉಂಡ್ಯಾ? ಚಳಿ ಐತೇನು?’ ಎರಡೇ ದಿನಕ್ಕೆ ಕರೆನ್ಸಿ ಖಾಲಿ. ಮೂರನೆಯ ದಿನ ಕಠ್ಮಂಡುವಿನ ಜನಜಂಗುಳಿಯಲ್ಲಿ ಅಜ್ಜಿ ತಂಡದಿಂದ ತಪ್ಪಿಸಿಕೊಂಡರು. ಸೆರಗಿನ ಗಂಟಿನಲ್ಲಿ ಮೇಸ್ತ್ರಿಯ ನಂಬರ್ ಬರೆದ ಚೀಟಿ ಇತ್ತು. ಅಂಗಡಿಯವನೊಬ್ಬ ಪಾಪ, ತನ್ನ ಫೋನಿನಿಂದ ಮೂರು ಸಲ ಹಚ್ಚಿ ನೋಡಿದ. ಹೋಗಲಿಲ್ಲ. ಚೀಟಿಯಲ್ಲಿ ಬರೀ ಹತ್ತು ಅಂಕಿ ಇತ್ತು, ಮುಂದೆ +91 ಇರಲಿಲ್ಲ. ಹೊತ್ತು ಮುಳುಗುವ ಮುನ್ನ ತಂಡದ ಅಡುಗೆಯವರು ಹುಡುಕಿಕೊಂಡು ಬಂದರು. ‘ಮಕ್ಳು ನನ್ನ ಮ್ಯಾಲಿನ ಪ್ರೀತಿಗೇ ಫೋನ್ ಮಾಡಿದ್ರಪ್ಪ’ ಎಂದರು ಅಜ್ಜಿ ನಗುತ್ತ. ಆ ಪ್ರೀತಿಯ ದುಡ್ಡು ಅಜ್ಜಿಯ ಫೋನಿನಿಂದಲೇ ಹೋಗುತ್ತಿದೆ ಎಂದು ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ಹೊರಡುವ ಮುಂಚೆ ಮನೆಯಲ್ಲೇ ಮಾಡಬೇಕಾದ ಕೆಲಸಗಳಿವೆ. ಫೋನಿನ ಸೆಟ್ಟಿಂಗ್‌ನಲ್ಲಿ ಡೇಟಾ ರೋಮಿಂಗ್ ಆಫ್ ಇದೆಯೇ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿಯೇ ಇಳಿಯುವುದನ್ನೂ ನಿಲ್ಲಿಸಿ. ಊರಿನ ಗ್ರೂಪಿನ ಗುಡ್ ಮಾರ್ನಿಂಗ್ ಹೂವುಗಳು ಪರದೇಶದಲ್ಲಿ ತುಟ್ಟಿ. ಹಳೆ ನಂಬರ್ ನಡೆಯಲೇಬೇಕು ಎಂದಿದ್ದರೆ ನಿಮ್ಮ ಕಂಪನಿಗೆ ಕೇಳಿ, ಆ ದೇಶಕ್ಕೆ ನಡೆಯುವ ರೋಮಿಂಗ್ ಪ್ಯಾಕನ್ನೇ ಊರಲ್ಲಿರುವಾಗ ಹಾಕಿಸಿ.

ಎಲ್ಲರೂ ಪ್ಯಾಕ್ ಹಾಕಿಸಬೇಕಿಲ್ಲ. ಗಡಿ ದಾಟಿದ ಮೇಲೆ ತಂಡದ ಮೇಸ್ತ್ರಿ ನೇಪಾಳ ಟೆಲಿಕಾಂ ಅಥವಾ ಎನ್‌ಸೆಲ್‌ನ ಸಿಮ್ ಒಂದನ್ನು ಕೊಂಡರೆ ಸಾಕು. ಗುರುತಿನ ಚೀಟಿ, ಪಾಸ್‌ಪೋರ್ಟ್ ಸೈಜಿನ ಫೋಟೊ ಜೊತೆಗಿರಲಿ. ಅವರ ಹಾಟ್‌ಸ್ಪಾಟ್‌ನಿಂದಲೋ ಲಾಡ್ಜಿನ ವೈಫೈಯಿಂದಲೋ ಉಳಿದವರು ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಬಹುದು. ಸಿಮ್ ಬದಲಾಯಿಸಿದರೆ ವಾಟ್ಸ್‌ಆ್ಯಪ್ ಹಳೆ ನಂಬರಿನಲ್ಲೇ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ‘ನಂಬರ್ ಬದಲಾಯಿಸಬೇಕೇ’ ಎಂದು ಕೇಳಿದರೆ ಬೇಡ ಎನ್ನಿ. ತೆಗೆದ ಊರಿನ ಸಿಮ್ ಜೋಪಾನ.

ಬಟನ್ ಫೋನಿನ ಹಿರಿಯರಿಗೆ ಇದ್ಯಾವುದೂ ಬೇಡ. ಒಂದು ಚೀಟಿ ಕೊಡಿ. ಮೇಸ್ತ್ರಿಯ ನೇಪಾಳದ ನಂಬರ್, ಇಳಿದುಕೊಂಡ ಲಾಡ್ಜಿನ ಹೆಸರು, ಮನೆಯ ನಂಬರ್ ಮುಂದೆ +91. ಅದನ್ನು ಹಿಂದಿಯಲ್ಲೂ ಬರೆಸಿ. ನೇಪಾಳಿಯದೂ ಅದೇ ಲಿಪಿ, ಅಲ್ಲಿಯವರು ಓದುತ್ತಾರೆ.

ಇನ್ನು ಊರಲ್ಲಿ ಉಳಿದವರಿಗೆ ನಮ್ಮದೊಂದು ಮಾತು. ನೀವಾಗಿ ಫೋನ್ ಮಾಡಬೇಡಿ, ಅವರು ಮಾಡಲಿ. ರಾತ್ರಿ ಎಂಟಕ್ಕೆ ಎಂದು ಒಂದೇ ಹೊತ್ತು ಗೊತ್ತು ಮಾಡಿಕೊಳ್ಳಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ, ಯಾರ ಎಂಟು ಗಂಟೆ ಎಂದೂ ಮೊದಲೇ ಮಾತಾಡಿಕೊಳ್ಳಿ. ಉಳಿದ ಹೊತ್ತು ಅವರ ಫೋನು ಸುಮ್ಮನಿರಲಿ. ನಿಜಕ್ಕೂ ಬೇಕಾದ ಒಂದು ಕರೆಗೆ ಅದರಲ್ಲಿ ಕರೆನ್ಸಿ ಉಳಿದಿರಬೇಕು.