ಅವ್ವನ ಕಿವಿ ಮತ್ತು ಬಲಗಡೆಯ ಸ್ಪೀಕರ್

ಕೋಸಗಿಯ ನಮ್ಮ ಮನೆಗೆ ಹೋಂ ಥಿಯೇಟರ್ ಬಂದದ್ದು ಅವ್ವನಿಗಾಗಿ. ದಾಸರ ಪದಗಳೆಂದರೆ ಆಕೆಗೆ ಜೀವ. ವಿಜಯದಾಸರು ಕೊನೆಯ ದಿನಗಳನ್ನು ಕಳೆದ ಚಿಪ್ಪಗಿರಿ ನಮ್ಮ ಕರ್ನೂಲು ಜಿಲ್ಲೆಯದೇ ಆದ್ದರಿಂದ, ದಾಸರು ಆಕೆಯ ಪಾಲಿಗೆ ಹತ್ತಿರದ ನೆಂಟರಿದ್ದಂತೆ. ಐದು ಸ್ಪೀಕರುಗಳೂ ಒಂದು ಸಬ್‌ವೂಫರೂ ಇದ್ದ ಆ ಸಾಧನವನ್ನು, ಹಾಡು ಹಿಂದಿನ ಪೆಟ್ಟಿಗೆಗಳಿಂದಲೂ ಕೇಳಿಸುವಂತೆ ಹೊಂದಿಸಿದ್ದೆ.

ಒಂದು ಸಂಜೆ ಅವ್ವ ಅಂದಳು: “ಯಪ್ಪಾ, ಹಿಂದ ಬಲಗಡಿ ಡಬ್ಬಿ ಒಳಗ ಗರ್ ಗರ್ ಅಂತೈತಿ ನೋಡು.”

ಮುಂದೆ ಸೋಫಾದಲ್ಲಿ ಕುಳಿತಿದ್ದ ನಮಗೆ ಏನೂ ಕೇಳಿಸಲಿಲ್ಲ. ಸಾಧನದಲ್ಲೇ ಇರುವ ಪರೀಕ್ಷಾ ಸದ್ದನ್ನು ಹಾಕಿದೆ. ಮಳೆ ಸುರಿದಂಥ ಆ ಸದ್ದು ಐದೂ ಪೆಟ್ಟಿಗೆಗಳಲ್ಲಿ ಸರದಿಯಂತೆ ಕೇಳಿಬಂತು. “ಡಬ್ಬಿ ಸರಿ ಐತವ್ವ. ನಿನ್ನ ಕಿವಿಗೆ ವಯಸ್ಸಾತು” ಎಂದೆ. ಮಕ್ಕಳು ನಕ್ಕರು. ಅವ್ವ ಮರುಮಾತಾಡಲಿಲ್ಲ. ಮರುದಿನದಿಂದ ಹಾಡು ಹಾಕೆಂದು ಕೇಳುವುದನ್ನೇ ಬಿಟ್ಟಳು.

ಆ ಮೌನ ನನ್ನನ್ನು ಚುಚ್ಚತೊಡಗಿತು. ಅವ್ವ ಹುಟ್ಟಿದಾಗ ಕೋಸಗಿ ಬಳ್ಳಾರಿ ಜಿಲ್ಲೆಯ ಆದೋನಿ ತಾಲೂಕಿನಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಸೇರಿದವು. ನಾನು ಓದಿದ್ದು ತೆಲುಗು ಶಾಲೆಯಲ್ಲಿ. ನನ್ನ ಕನ್ನಡಕ್ಕೆ ಪಠ್ಯಪುಸ್ತಕವಿರಲಿಲ್ಲ, ಅವ್ವನ ಕಿವಿಯಿತ್ತು. ಮಾತಿನ ನಡುವೆ ತೆಲುಗಿನ ಪದವೊಂದು ನುಸುಳಿದರೆ ಒಲೆಯ ಮುಂದಿನಿಂದಲೇ ತಿದ್ದುತ್ತಿದ್ದಳು. ಅಂಥ ಕಿವಿಯನ್ನು ನಾನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೆ.

ಹನ್ನೊಂದನೆಯ ದಿನ, ಅವ್ವ ಕೂರುವ ಜಾಗದಲ್ಲಿ, ಅಡುಗೆಮನೆಯ ಬಾಗಿಲ ಬಳಿ, ನಾನೇ ಕುಳಿತು ಹಾಡು ಹಾಕಿದೆ. ಬಲಗಡೆಯ ಪೆಟ್ಟಿಗೆ ಅಲ್ಲಿಗೆ ಒಂದು ಮೊಳ ದೂರ. ತಂಬೂರಿಯ ಮಂದ್ರ ತಂತಿ ಮೀಟಿದಾಗಲೆಲ್ಲ ಗರಗರ ಸ್ಪಷ್ಟವಾಗಿ ಕೇಳಿತು. ಪರೀಕ್ಷಾ ಸದ್ದಿನ ಮೊರೆತದಲ್ಲಿ ಅದು ಮುಚ್ಚಿಹೋಗಿತ್ತು.

ಆಂಪ್ಲಿಫೈಯರ್ ಆರಿಸಿ, ಹಿಂದಿನ ಎಡಬಲದ ಪೆಟ್ಟಿಗೆಗಳನ್ನು ಅದಲುಬದಲು ಮಾಡಿದೆ. ಗರಗರ ಬಲಗಡೆಯೇ ಉಳಿದರೆ ತಪ್ಪು ತಂತಿಯದು ಇಲ್ಲವೇ ಆಂಪ್ಲಿಫೈಯರಿನದು. ಪೆಟ್ಟಿಗೆಯೊಡನೆ ಎಡಕ್ಕೆ ಹೋದರೆ ಪೆಟ್ಟಿಗೆಯದೇ. ಅದು ಎಡಕ್ಕೆ ಹೋಯಿತು. ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. 8 ಓಮ್‌ನ ಸ್ಪೀಕರು ಸಾಮಾನ್ಯವಾಗಿ 6ರ ಆಸುಪಾಸು ತೋರಿಸುತ್ತದೆ, ಇದೂ ತೋರಿಸಿತು. ಒಳಗಿನ ಸುರುಳಿ ಕಡಿದಿರಲಿಲ್ಲ. ಕಡೆಗೆ ಮುಂದಿನ ಜಾಲರಿ ತೆಗೆದು, ಬೆರಳುಗಳಿಂದ ಕೋನನ್ನು ಸುತ್ತಲೂ ಸಮನಾಗಿ, ಮೆಲ್ಲಗೆ ಒತ್ತಿದೆ. ‘ಕರ್’ ಎಂದಿತು. ಅಯಸ್ಕಾಂತದ ಕಿರುಸಂದಿನಲ್ಲಿ ಯಾವುದಕ್ಕೂ ತಾಗದೆ ಆಡಬೇಕಾದ ಸುರುಳಿ ಒಂದು ಬದಿಗೆ ವಾಲಿ ಉಜ್ಜುತ್ತಿತ್ತು. ಡ್ರೈವರೇ ಕೆಟ್ಟಿತ್ತು.

ಆದೋನಿಗೆ ಹೋಗಿ ಅದೇ ಅಳತೆಯ, ಅಷ್ಟೇ ಓಮ್‌ನ ಡ್ರೈವರ್ ತಂದೆ. ಜೋಡಿಸುವ ಮುನ್ನ 1.5 ವೋಲ್ಟ್ ಬ್ಯಾಟರಿಯನ್ನು ಕ್ಷಣಮಾತ್ರ ತಾಗಿಸಿದೆ. ಪ್ಲಸ್ಸಿಗೆ ಪ್ಲಸ್ ಸೇರಿದಾಗ ಕೋನ್ ಮುಂದಕ್ಕೆ ಬಂತು. ತಂತಿಗಳನ್ನು ಹಾಗೆಯೇ ಸೇರಿಸಿದೆ.

ಸಂಜೆ ಅವ್ವನನ್ನು ಆಕೆಯ ಜಾಗದಲ್ಲೇ ಕೂರಿಸಿ ಹಾಡು ಹಾಕಿದೆ. ಕಣ್ಣು ಮುಚ್ಚಿ ಒಂದು ಪದವನ್ನು ಪೂರ್ತಿ ಕೇಳಿದಳು.

“ಈಗ ಹೆಂಗೈತವ್ವ?”

“ಈಗ ಸರಿ ಆತು. ನಾ ಆವತ್ತ ಹೇಳಿದ್ನಲ್ಲಪ್ಪ.”

ಮಕ್ಕಳ ಎದುರಿಗೇ ತಪ್ಪಾಯಿತೆಂದು ಹೇಳಿದೆ. ದೋಷ ಎಲ್ಲಿದೆಯೆಂದು ಕಂಡುಹಿಡಿಯಲು ಬೇಕಾದದ್ದು ಅರ್ಧ ತಾಸು. ಅವ್ವನ ಮಾತನ್ನು ನಂಬಿ ಆಕೆಯ ಜಾಗದಲ್ಲಿ ಕೂರಲು ನನಗೆ ಹನ್ನೊಂದು ದಿನ ಹಿಡಿದಿತ್ತು.