ಎಂಟಾಣೆ ಆಚೀಚೆ

ಊರ ಕಡೆ ಯಾವ ಆ್ಯಪ್ ಕೈಕೊಟ್ಟರೂ ಅಪವಾದ ಬರುವುದು ಸರ್ವರ್ ಮೇಲೆ. ‘ಸರ್ವರ್ ಡೌನ್ ಅಂತೆ’ ಎಂದು ಒಬ್ಬರು ಅಂದರೆ ಸಾಕು, ಉಳಿದವರೆಲ್ಲ ಫೋನನ್ನು ಜೇಬಿಗಿಳಿಸಿ ಎಲೆಯಡಿಕೆ ಚೀಲ ಬಿಚ್ಚುತ್ತಾರೆ. ಸರ್ವರ್ ಎಂಬುದು ಎಲ್ಲಿದೆ, ಹೇಗಿದೆ ಎಂದು ನೋಡಿದವರಿಲ್ಲವಾದ್ದರಿಂದ ಅದರ ಪರವಾಗಿ ವಾದಿಸುವವರೂ ಇಲ್ಲ. ಮಳೆಗಾಲ ಬಂತೆಂದರೆ ನಮ್ಮ ಕೇರಿಯ ಹಿರಿಯರ ಫೋನುಗಳು ಬೆಳೆ ಸಮೀಕ್ಷೆಯ ನೆಪದಲ್ಲಿ ಒಂದೊಂದಾಗಿ ನನ್ನ ಕೈಗೆ ಬರುತ್ತವೆ. ಆ ಅನುಭವದ ಮೇಲೆ ಹೇಳುತ್ತೇನೆ: ಮುಕ್ಕಾಲು ಪಾಲು ಸಲ ಸರ್ವರ್ ನಿರಪರಾಧಿ. ಕಳ್ಳ ಮನೆಯೊಳಗೇ ಇರುತ್ತಾನೆ.

ಬೆಳೆ ಸಮೀಕ್ಷೆಯೆಂದರೆ ಏನೆಂದು ಪೇಟೆಯವರಿಗಾಗಿ ಎರಡು ಮಾತು. ಯಾವ ಸರ್ವೆ ನಂಬರಿನಲ್ಲಿ ಏನು ಬೆಳೆದಿದೆ ಎಂದು ಹಿಂದೆ ಶಾನುಭೋಗರು, ಆಮೇಲೆ ಗ್ರಾಮಲೆಕ್ಕಿಗರು ಪಹಣಿಯಲ್ಲಿ ಬರೆಯುತ್ತಿದ್ದರು. ಎಲ್ಲರೂ ಗದ್ದೆಗೆ ಇಳಿದು ನೋಡಿಯೇ ಬರೆಯುತ್ತಿದ್ದರೆಂದು ಆಣೆ ಹಾಕುವವರು ಸಿಗಲಿಕ್ಕಿಲ್ಲ. ತೋಟವಾಗಿ ಒಂದು ತಲೆಮಾರು ಕಳೆದ ಜಾಗದಲ್ಲೂ ಪಹಣಿಯೊಳಗೆ ಭತ್ತವೇ ತೆನೆ ತೂಗುತ್ತಿದ್ದುದುಂಟು. 2017ರಿಂದ ಈ ಕೆಲಸ ಮೊಬೈಲಿಗೆ ಬಂತು. ಊರಿನ ಓದಿದ ಹುಡುಗರನ್ನು ‘ಖಾಸಗಿ ನಿವಾಸಿ’ಗಳೆಂದು ಗೊತ್ತುಮಾಡಿ ಫೋಟೊ ತೆಗೆಯಲು ಕಳಿಸಿದರು. ಆ ಹೆಸರು ಯಾರ ಬಾಯಲ್ಲೂ ಇಲ್ಲ, ಎಲ್ಲರಿಗೂ ಅವರು ಪಿ.ಆರ್.ಗಳು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆ ದಾಖಲಿಸಬಹುದು ಎಂದಾಯಿತು. ‘ನನ್ನ ಬೆಳೆ ನನ್ನ ಹಕ್ಕು’ ಎಂಬ ಘೋಷಣೆ ಮೊಳಗಿತು. ಆಗಿನ ಕೃಷಿ ಮಂತ್ರಿ ಬಿ.ಸಿ. ಪಾಟೀಲರು ಹಿಂದೆ ಬೆಳ್ಳಿತೆರೆಯ ‘ಕೌರವ’ನಾಗಿದ್ದವರು, ಘೋಷಣೆಗೆ ಡೈಲಾಗಿನ ಖದರು ಬಂದದ್ದು ಅದಕ್ಕೇ ಇರಬೇಕು. ಅದೇನೇ ಇರಲಿ, ಬೆಂಬಲ ಬೆಲೆ, ಬೆಳೆ ವಿಮೆ, ಅತಿವೃಷ್ಟಿಯ ಪರಿಹಾರ ಎಲ್ಲದಕ್ಕೂ ಸರ್ಕಾರ ತಿರುವಿ ನೋಡುವುದು ಈ ದಾಖಲೆಯನ್ನೇ. ಹಾಗಾಗಿ ಬಿಡುವ ಹಾಗಿಲ್ಲ.

ನಮ್ಮ ದೊಡ್ಡಪ್ಪ ಬಂದದ್ದೂ ‘ಸರ್ವರ್ ಡೌನ್’ ಎನ್ನುತ್ತಲೇ. ನೋಡಿದರೆ ತೆರೆದಿದ್ದು ಹಿಂದಿನ ವರ್ಷದ ಆ್ಯಪ್. ಹಂಗಾಮಿಗೊಂದು ಆ್ಯಪ್ ಬಂದು ಹೋಗುವುದರಿಂದ ಹಳೆಯವು ಫೋನಿನಲ್ಲಿ ಹಾಗೇ ಬಿದ್ದಿರುತ್ತವೆ.

“ದೊಡ್ಡಪ್ಪಾ, ಇದು ಹೋದ ವರ್ಷದ್ದು.”

“ತೋಟವೂ ಹೋದ ವರ್ಷದ್ದೇ ಅಲ್ವೇನೋ? ಅಡಿಕೆ ಮರ ಯಾರಾದ್ರೂ ವರ್ಷಾ ವರ್ಷಾ ನೆಡ್ತಾರಾ ಮಾರಾಯ?”

ನ್ಯಾಯವಾದ ಪ್ರಶ್ನೆ. ರಾಗಿ, ಜೋಳಕ್ಕೆ ಹಂಗಾಮು ಸರಿ. ಅಜ್ಜ ನೆಟ್ಟ ಮರವನ್ನು ಮೊಮ್ಮಗ ಪ್ರತಿ ವರ್ಷ ‘ಇದು ಅಡಿಕೆ ಮರ’ ಎಂದು ರುಜುವಾತು ಮಾಡುವುದು ಸ್ವಲ್ಪ ಅತಿಯಾಯಿತು. ಆದರೆ ವಾದದಲ್ಲಿ ಗೆದ್ದರೆ ಆ್ಯಪ್ ತೆರೆಯುವುದಿಲ್ಲವಲ್ಲ. ಹಳೆಯದನ್ನು ತೆಗೆದು ಹೊಸದನ್ನು ಹಾಕಲು ಹೋದೆ, ಜಾಗವಿಲ್ಲ. ಫೋನಿನ ತುಂಬ ತಾಳಮದ್ದಳೆ. ಕರ್ಣಪರ್ವ ಒಂದೇ ಮೂವರು ಅರ್ಥಧಾರಿಗಳದ್ದು ಮೂರು ಪ್ರತಿ! ಒಂದನ್ನು ಅಳಿಸೋಣ ಎಂದರೆ ದೊಡ್ಡಪ್ಪನ ಮುಖ ಗಂಟಿಕ್ಕಿತು. ಕೊನೆಗೆ ಬಲಿಯಾದದ್ದು ಮೊಮ್ಮಗ ಹಾಕಿಟ್ಟಿದ್ದ ಕಾರು ರೇಸಿನ ಆಟ. ಆಮೇಲೆ ಒಟಿಪಿ. ಅದು ಬೆಂಗಳೂರಿನಲ್ಲಿರುವ ಮಗನ ನಂಬರಿಗೆ ಹೋಯಿತು, ಮಗ ಮೀಟಿಂಗಿನಲ್ಲಿದ್ದ. ಒಟಿಪಿಯ ಆಯುಷ್ಯ ಮೀಟಿಂಗಿಗಿಂತ ಕಡಿಮೆ.

ಇದೆಲ್ಲ ದಾಟಿದ ಮೇಲೆ ಬರುತ್ತದೆ ಅಸಲು ಗಂಡಾಂತರ. ನಾವು ನಿಂತದ್ದು ನಮ್ಮ ಸರ್ವೆ ನಂಬರಿನಲ್ಲೇ ಎಂದು ಆ್ಯಪ್‌ಗೆ ಖಾತ್ರಿಯಾಗಬೇಕಲ್ಲ, ‘ಲೊಕೇಶನ್ ಬಳಸಲು ಅನುಮತಿ ಕೊಡುತ್ತೀರಾ’ ಎಂದು ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ. ಮಲೆನಾಡಿನವರಿಗೆ ಕಾಫಿ ಬೇಕಾ ಎಂದು ಕೇಳಿದರೆ ಮೊದಲು ಬರುವ ಉತ್ತರ ‘ಬೇಡ’. ಎರಡನೆಯ ಸಲವೂ ‘ಬೇಡ ಬೇಡ’. ಮೂರನೆಯ ಸಲ ಕೇಳುವಾಗ ಲೋಟ ಕೈಯಲ್ಲಿರುತ್ತದೆ. ಫೋನಿಗೆ ಈ ಮರ್ಯಾದೆ ತಿಳಿಯದು. ಆಂಡ್ರಾಯ್ಡ್ 11ರಿಂದೀಚೆಗೆ ಎರಡು ಸಲ ಬೇಡವೆಂದರೆ ಅದು ಇನ್ನು ಕೇಳುವುದೇ ಇಲ್ಲ. ಆ ಮೇಲೆ ನೀವು ಎಷ್ಟು ಸಲ ಆ್ಯಪ್ ತೆರೆದರೂ ಚಕ್ರ ತಿರುಗುತ್ತಲೇ ಇರುತ್ತದೆ, ಹೆಸರು ಸರ್ವರ್‌ನದು ಕೆಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್‌ಗಳ ಪಟ್ಟಿಯಲ್ಲಿ ಇದನ್ನು ಹುಡುಕಿ, ಪರ್ಮಿಶನ್ ಒಳಹೊಕ್ಕು ನಾವೇ ಕೊಟ್ಟು ಬರಬೇಕು. ಅಲ್ಲೂ ಒಂದು ಗುಟ್ಟಿದೆ. ಆಂಡ್ರಾಯ್ಡ್ 12ರಿಂದ ‘ನಿಖರ’ ಮತ್ತು ‘ಅಂದಾಜು’ ಎಂದು ಎರಡು ಬಗೆ ಬಂದಿವೆ. ಅಂದಾಜು ಎಂದು ಒತ್ತಿದಿರೋ, ನೀವು ಸುಮಾರು 3 ಚದರ ಕಿಲೋಮೀಟರ್ ಒಳಗೆ ಎಲ್ಲೋ ಇದ್ದೀರಿ ಎಂದಷ್ಟೇ ಅದು ಹೇಳುತ್ತದೆ. ಏಳುನೂರು ಎಕರೆಗೂ ಮೀರಿದ ಜಾಗ. ಹಳೆಯ ಜಮೀನ್ದಾರರಿಗಾದರೆ ಸರಿಹೋಗುತ್ತಿತ್ತು, ಎರಡೆಕರೆ ತೋಟದವರಿಗಲ್ಲ.

ಸರಿ, ನಿಖರ ಎಂದೇ ಒತ್ತಿ ತೋಟಕ್ಕಿಳಿದೆವು. ಲೊಕೇಶನ್ ಸಿಗಲಿಲ್ಲ. ಜಿಪಿಎಸ್ ಉಪಗ್ರಹಗಳು ಸುತ್ತುವುದು 20,000 ಕಿಲೋಮೀಟರಿಗೂ ಮೇಲೆ. ಅವುಗಳಲ್ಲಿ ನಾಲ್ಕಾದರೂ ಫೋನಿಗೆ ಕೇಳಿಸಬೇಕು. ಮಾತೋ ಬಲು ನಿಧಾನ, ಸೆಕೆಂಡಿಗೆ 50 ಬಿಟ್. ಒಂದು ಉಪಗ್ರಹ ತಾನೆಲ್ಲಿದ್ದೇನೆಂದು ಹೇಳಿ ಮುಗಿಸಲು ಅರ್ಧ ನಿಮಿಷ ಬೇಕು. ಎಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ. ಫೋನು ಅಷ್ಟು ಕಾಯುವ ಜಾತಿಯದಲ್ಲ, ಇಂಟರ್‌ನೆಟ್ ಇದ್ದರೆ ಆ ಮಾಹಿತಿಯನ್ನು ಅದರ ಮೂಲಕವೇ ತರಿಸಿಕೊಂಡುಬಿಡುತ್ತದೆ. ನಮ್ಮ ತೋಟದಲ್ಲಿ ನೆಟ್‌ವರ್ಕೂ ಇಲ್ಲ, ಸೋಗೆಗಳ ನಡುವೆ ಆಕಾಶವೂ ಇಲ್ಲ. ಅದಕ್ಕೆ ಉಪಾಯ ಇಷ್ಟೆ: ನೆಟ್‌ವರ್ಕ್ ಸಿಗುವ ದಿಬ್ಬದ ಮೇಲೆ ನಿಂತು, ಡೇಟಾ ಆನ್ ಮಾಡಿ, ಮ್ಯಾಪ್ ತೆರೆದು, ನೀಲಿ ಚುಕ್ಕೆ ಅಲುಗಾಡದೆ ನಿಂತ ಮೇಲೆ ಕೆಳಗಿಳಿಯುವುದು. ಊರಿನ ನಕ್ಷೆಯನ್ನೂ ಅಲ್ಲೇ ಇಳಿಸಿಕೊಳ್ಳುವುದು. ಒಂದೆರಡು ತಾಸಿನ ಕೆಲಸಕ್ಕೆ ಅಷ್ಟು ಬುತ್ತಿ ಸಾಕು.

ನಮ್ಮದೇ ದೇಶದ ನಾವಿಕ್ ಉಪಗ್ರಹಗಳೂ ಇವೆ, ಅವುಗಳ ಕೇಂದ್ರ ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿದೆ, ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವೂ ಇದೆ ಎಂದೆಲ್ಲ ದಾರಿಯಲ್ಲಿ ದೊಡ್ಡಪ್ಪನಿಗೆ ವಿವರಿಸಿದೆ. “ಹಾಸನದಲ್ಲೇ ಇದ್ರೆ ಒಂದು ಫೋನ್ ಮಾಡಿ ಕೇಳಬಾರದೇನೋ” ಎಂದರು.

ಚುಕ್ಕೆ ನಿಂತಿತು. ನಿಂತದ್ದು ಪಕ್ಕದವರ ತೋಟದಲ್ಲಿ. ದೊಡ್ಡಪ್ಪನಿಗೆ ಸಿಟ್ಟು ಬಂದದ್ದು ಈಗಲೇ. “ಹದ್ದಿನ ಕಲ್ಲು ಇಲ್ಲಿದೆ ನೋಡು ಅಂತ ಅದಕ್ಕೆ ತೋರಿಸು!” ಬಟ್ಟಬಯಲಿನಲ್ಲೇ ಫೋನಿನ ಲೆಕ್ಕ ಐದು ಮೀಟರ್ ಆಚೀಚೆ ಆಗುತ್ತದೆ, ಮರದಡಿ ಇನ್ನೂ ಹೆಚ್ಚು. ನಮ್ಮ ಕಡೆ ಭೂಮಿ ಅಳೆದ ಸರಪಳಿಗೆ 33 ಅಡಿ, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಆದರೆ ಒಂದು ಗುಂಟೆ. ಐದು ಮೀಟರ್ ಎಂದರೆ ಸುಮಾರು ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಎಂಟಾಣೆ. ಎಂಟಾಣೆ ಜಾಗಕ್ಕೆ ಎರಡು ತಲೆಮಾರು ಕೋರ್ಟು ಅಲೆದ ಮನೆತನಗಳು ಎಲ್ಲ ಊರಲ್ಲೂ ಇವೆ. ಫೋನು ಅಷ್ಟನ್ನು ಗಾಳಿಯಲ್ಲಿ ಎಗರಿಸಿಬಿಡುತ್ತದೆ. ಇದಕ್ಕೆ ರಾಜ್ಯದ ದೂರಸಂವೇದಿ ಕೇಂದ್ರದ ‘ದಿಶಾಂಕ್’ ಆ್ಯಪ್ ಒಳ್ಳೆಯ ಸಾಕ್ಷಿ. ನೀವು ನಿಂತಲ್ಲಿಯ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಅದೂ ಪಕ್ಕದ ನಂಬರನ್ನೇ ತೋರಿಸಿತೆಂದರೆ ದೋಷ ಬಹುಶಃ ಸಮೀಕ್ಷೆಯದಲ್ಲ, ಫೋನಿನದು. ಬೇಲಿಯ ಪಕ್ಕ ಬಿಟ್ಟು ತೋಟದ ನಡುಮಧ್ಯಕ್ಕೆ, ಮರ ಬಿದ್ದು ಬೆಳಕಿಂಡಿಯಾದ ಕಡೆಗೆ ಹೋಗಿ ನಿಲ್ಲಬೇಕು.

ನಿಂತೆವು. ಅಷ್ಟರಲ್ಲಿ ಮಳೆ. ಪರದೆಯ ಮೇಲೆ ಹನಿ ಬಿದ್ದರೆ ಫೋನಿಗೆ ಅದೂ ಬೆರಳೇ. ಅಡಿಕೆ ಒತ್ತಿದರೆ ಅನಾನಸ್ ಆಯಿತು. ಒರೆಸಿಕೊಳ್ಳೋಣವೆಂದರೆ ಒಣಬಟ್ಟೆ ಇಬ್ಬರ ಮೈಮೇಲೂ ಇಲ್ಲ. ದೊಡ್ಡಪ್ಪ ಕೊಡೆಯನ್ನು ತಮ್ಮ ತಲೆ ತಪ್ಪಿಸಿ ಫೋನಿಗೆ ಹಿಡಿದರು. ಫೋಟೊ ಬೇಕು, ಅರವತ್ತು ಅಡಿ ಮರದ ಗೊನೆ ಸಿಕ್ಕಿದರೆ ಬುಡವಿಲ್ಲ, ಬುಡ ಸಿಕ್ಕಿದರೆ ಬರೀ ಕಂಬ. ಮರಕ್ಕೆ ಹಬ್ಬಿದ ಕಾಳುಮೆಣಸನ್ನೂ ನಡುವಿನ ಬಾಳೆಯನ್ನೂ ಮಿಶ್ರಬೆಳೆಯೆಂದು ಮರೆಯದೆ ಸೇರಿಸಬೇಕು. ಕ್ಯಾಮೆರಾ ಅಲುಗದಂತೆ ಉಸಿರು ಹಿಡಿದು ನಿಂತಾಗಲೇ ಹಿಂಗಾಲಿಗೆ ಉಂಬಳ ಹತ್ತಿತು. ಫೋಟೊದಲ್ಲಿ ಒಂದು ಮೂಲೆ ಮಸುಕಾಗಿರುವುದಕ್ಕೆ ಅದೇ ಕಾರಣ.

ಮತ್ತೆ ದಿಬ್ಬ ಹತ್ತಿ ಅಪ್‌ಲೋಡ್ ಮಾಡಿದ್ದಾಯಿತು. ಈ ದಿಬ್ಬದ ಭಾಗ್ಯವೂ ಇಲ್ಲದ ಹಳ್ಳಿಗಳು ನಮ್ಮ ಸುತ್ತ ಬೇಕಾದಷ್ಟಿವೆ. ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದು ಬೋರ್ಡು ಕಟ್ಟಿದ್ದು ಅಲ್ಲಿಯವರೇ. ದಾಖಲಾದದ್ದು ಸರಿಯಿದೆಯೇ ಎಂದು ನೋಡಲು, ತಪ್ಪಿದ್ದರೆ ಆಕ್ಷೇಪಣೆ ಹಾಕಲು ‘ಬೆಳೆ ದರ್ಶಕ್’ ಎಂಬ ಇನ್ನೊಂದು ಆ್ಯಪ್ ಇದೆ. ಅದನ್ನೂ ಹಾಕಿಕೊಟ್ಟೆ. ಹೋಬಳಿ, ಊರು, ಸರ್ವೆ ನಂಬರ್ ಒತ್ತಿದರೆ ವಿವರ ಬರುತ್ತದೆ. ನಮ್ಮ ನಂಬರೇ ಆಗಬೇಕೆಂದಿಲ್ಲ ಎಂಬುದು ದೊಡ್ಡಪ್ಪನಿಗೆ ಬೇಗ ಹೊಳೆಯಿತು. ಆಗಿನಿಂದ ತಾಳಮದ್ದಳೆ ಕೇಳುವುದು ಕಡಿಮೆಯಾಗಿದೆ. ಯಾರ ಗದ್ದೆ ಯಾವಾಗ ತೋಟವಾಯಿತು, ಯಾರು ಎಷ್ಟು ಗುಂಟೆಗೆ ಶುಂಠಿ ಹಾಕಿದ್ದಾರೆ ಎಂಬುದೆಲ್ಲ ಸಂಜೆ ಜಗಲಿಯಲ್ಲಿ ಸರ್ವೆ ನಂಬರ್ ಸಹಿತ ಪ್ರಸಾರವಾಗುತ್ತದೆ. ಆ ಆ್ಯಪ್ ಒಮ್ಮೆಯೂ ಡೌನ್ ಆದ ಸುದ್ದಿ ಬಂದಿಲ್ಲ.